ಮೀನು ಹುಡುಕೋಕೆ ಉಸುಕು ಸೋಸಿದ ಕತೆ

ತುಂಗಭದ್ರೆಯ ಉಸುಕಿನಲ್ಲಿ ಬೆರಳುದ್ದದ ಒಂದು ಮೀನಿದೆ. ಲೋಚ್ ಗುಂಪಿನದು, ಶಾಸ್ತ್ರೀಯ ಹೆಸರು ಲೆಪಿಡೊಸೆಫಾಲಿಕ್ತಿಸ್ ಥರ್ಮಾಲಿಸ್. ಹೆದರಿದರೆ ಉಸುಕಿನೊಳಗೆ ತೂರಿಕೊಂಡು ಬಿಡುತ್ತದೆ. ನಮ್ಮ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ, ಹಾಗಾಗಿ ಲೆಕ್ಕ ಇಡುವವರೂ ಇಲ್ಲ. ಗಂಗಾವತಿ, ಕಂಪ್ಲಿ ಕಡೆ ನದಿಯಿಂದ ಉಸುಕು ಎತ್ತುವುದನ್ನು ನೋಡಿ, ಈ ಮೀನಿನ ಗತಿ ಏನು ಅಂತ ನೋಡಲು ಹೊರಟೆ.

ದಾರಿ ಸಿಕ್ಕಿದ್ದು ದೂರದ ಉತ್ತರ ಸಮುದ್ರದಿಂದ. ಅಲ್ಲಿನ ಸ್ಯಾಂಡ್‌ಈಲ್ ಎಂಬ ಸಣ್ಣ ಮೀನು ರಾತ್ರಿ ಹೊತ್ತು, ಮತ್ತೆ ಚಳಿಗಾಲದ ಬಹುಪಾಲು, ತಳದ ಉಸುಕಿನಲ್ಲೇ ಹೂತುಕೊಂಡಿರುತ್ತದೆ. ಪಫಿನ್, ಕಿಟಿವೇಕ್ ಹಕ್ಕಿಗಳು ಮರಿಗೆ ಉಣಿಸುವುದು ಇದನ್ನೇ. ಗಾಳಿಯಂತ್ರ, ಕೇಬಲ್, ಉಸುಕು ತೆಗೆಯುವ ಹಡಗು, ಎಲ್ಲದರ ಕಣ್ಣೂ ಅದೇ ತಳದ ಮೇಲೆ. ಬ್ರಿಟನ್ 2024ರಲ್ಲಿ ತನ್ನ ಪಾಲಿನ ಉತ್ತರ ಸಮುದ್ರದಲ್ಲಿ ಇದನ್ನು ಹಿಡಿಯುವುದನ್ನೇ ನಿಲ್ಲಿಸಿತು. ಸ್ಯಾಂಡ್‌ಈಲಿಗೆ ಒರಟು ಉಸುಕು ಬೇಕು, ಹೂಳು ಜಾಸ್ತಿ ಬೆರೆತ ಕಡೆ ಅದು ಇರುವುದಿಲ್ಲ. ಅದಕ್ಕೇ ಅಲ್ಲಿನವರು ಮೀನಿನ ಜೊತೆ ತಳವನ್ನೂ ಅಳೆಯುತ್ತಾರೆ. ನಾನೂ ಅದನ್ನೇ ಮಾಡಿದೆ.

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಹಾಗಾಗಿ ಮೊದಲು ಅರಣ್ಯ ಇಲಾಖೆಯ ಅನುಮತಿ, ಆಮೇಲೆ ಬಲೆ. ಮೊಸಳೆಗಳೂ ಇವೆ. ಎಲ್ಲಿ ಇಳಿಯಬಹುದು ಎಂಬುದನ್ನು ಹರಿಗೋಲಿನ ಕಾಕಾ ಹೇಳಬೇಕು, ನಾನಲ್ಲ.

ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಕೆಲಸ. ಕಬ್ಬಿಣದ ಚೌಕಟ್ಟನ್ನು ಉಸುಕಿಗೆ ಒತ್ತಿ, ಒಳಗಿನದನ್ನೆಲ್ಲ ಗೇಣುದ್ದ ಕೆದಕಿ, ಸೊಳ್ಳೆ ಪರದೆಯಂಥ ಬಲೆಯಲ್ಲಿ ಸೋಸುತ್ತೇನೆ. ಎಲ್ಲ ಕಡೆ ಅದೇ ಚೌಕಟ್ಟು, ಅದೇ ಆಳ. ಇಲ್ಲದಿದ್ದರೆ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ಲೋಚ್ ಸಿಕ್ಕರೆ ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು. ಕಣ್ಣಿನ ಕೆಳಗೆ ಮುಳ್ಳಿದೆ, ಚುಚ್ಚುತ್ತದೆ. ಗಂಡಾದರೆ ಎದೆರೆಕ್ಕೆಯ 7 ಮತ್ತು 8ನೇ ಕಡ್ಡಿಗಳು ಬೇರೆ ಥರ ಇರುತ್ತವೆ, ಲೆನ್ಸ್ ಇದ್ದರೆ ಗೊತ್ತಾಗುತ್ತದೆ. ಅಳೆದು, ಫೋಟೋ ತೆಗೆದು, ಅಲ್ಲೇ ಬಿಡುತ್ತೇನೆ.

ಮನೆಗೆ ಬರುವುದು ಉಸುಕಿನ ಚೀಲ ಮಾತ್ರ. ಕಾಕಾಗೆ ಇದೇ ತಮಾಷೆ. "ಮೀನು ಬಿಟ್ಟು ಉಸುಕು ಹೊರ್ತೀರಲ್ರೀ ಸರ, ಮನಿ ಕಟ್ಟಸ್ತೀರೇನು?" ಒಣಗಿಸಿ ತೂಗಿ, 63 ಮೈಕ್ರಾನ್ ಜರಡಿಯಲ್ಲಿ ನೀರು ಹಾಕಿ ತೊಳೆದು, ಉಳಿದದ್ದನ್ನು ಮತ್ತೆ ಒಣಗಿಸಿ ತೂಗುತ್ತೇನೆ. ಎರಡು ತೂಕದ ವ್ಯತ್ಯಾಸವೇ ಹೂಳು. ಜರಡಿ ಇಲ್ಲದವರು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಅಲುಗಾಡಿಸಿ ಇಡಬಹುದು. ಉಸುಕು ಕೂಡಲೇ ಕೂರುತ್ತದೆ, ಹೂಳು ಎಷ್ಟೋ ಹೊತ್ತು ತೇಲುತ್ತದೆ. ಅಂದಾಜಿಗೆ ಅಷ್ಟು ಸಾಕು.

ಜೆಸಿಬಿ ತೋಡಿದ ಹೊಂಡಗಳು ಸುಮ್ನೆ ಖಾಲಿ ಇರುವುದಿಲ್ಲ. ಹರಿವು ನಿಧಾನವಾಗಿ ಹೂಳು ಅಲ್ಲೇ ಇಳಿಯುತ್ತದೆ. ನಾನು ಸೋಸಿದ ಹೊಂಡಗಳಲ್ಲಿ ಲೋಚ್ ಸಿಗಲಿಲ್ಲ, ಪಕ್ಕದ ಮುಟ್ಟದ ದಿಬ್ಬದಲ್ಲಿ ಸಿಕ್ಕಿತು. ಹೊಸ ಉಸುಕು ಬಂದು ಹೊಂಡ ಬೇಗ ತುಂಬುತ್ತದೆ ಅನ್ನುವಂತೆಯೂ ಇಲ್ಲ. ಮೇಲೆ 1953ರ ಅಣೆಕಟ್ಟೆ ಇದೆಯಲ್ಲ, ಮೇಲಿನಿಂದ ಬರುವ ಉಸುಕು, ಹೂಳು ಬಹುಪಾಲು ಅದರಲ್ಲೇ ನಿಲ್ಲುತ್ತದೆ. ಜಲಾಶಯದ 133 ಟಿಎಂಸಿ ಸಾಮರ್ಥ್ಯ ಸುಮಾರು 105ಕ್ಕೆ ಇಳಿದದ್ದು ಅದಕ್ಕೇ. ಮುಂದಿನ ಬೇಸಿಗೆಗೂ ಇದೇ ಹೊಂಡಗಳನ್ನು ಇದೇ ಚೌಕಟ್ಟಿನಿಂದ ಅಳೆಯುತ್ತೇನೆ.