ಕೊಪ್ಪಳದ ಹಳ್ಳಿಗಾಡು ನೋಡೋದು ಹೇಗೆ?

ಕೊಪ್ಪಳ ಜಿಲ್ಲೆಗೆ ಬರುವವರು ಜಾಸ್ತಿ ಜನ ಆನೆಗೊಂದಿ, ಅಂಜನಾದ್ರಿ ನೋಡಿ ವಾಪಸ್ ಹೋಗ್ತಾರೆ. ಅಷ್ಟಕ್ಕೇ ನಿಲ್ಲಿಸಬೇಡಿ. ಎಳ್ಳು ಅಮಾವಾಸ್ಯೆಯ ಹೊತ್ತಿಗೆ, ಅಂದರೆ ಡಿಸೆಂಬರ್ ಕೊನೆ ಇಲ್ಲವೇ ಜನವರಿಯಲ್ಲಿ ಬನ್ನಿ. ಇಲ್ಲಿ ಕಾಲುವೆಯ ಸೀಮೆ ಬೇರೆ, ಮಳೆ ನಂಬಿದ ಸೀಮೆ ಬೇರೆ. ಎರಡನ್ನೂ ನೋಡಿದರೇ ಈ ಜಿಲ್ಲೆ ಅರ್ಥ ಆಗೋದು.

ಮೊದಲು ಮುನಿರಾಬಾದಿನಿಂದ ಗಂಗಾವತಿ, ಕಾರಟಗಿ ಕಡೆ ಹೋಗಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದಾರಿಯುದ್ದಕ್ಕೂ ಭತ್ತದ ಗದ್ದೆ, ಅಕ್ಕಿ ಮಿಲ್ಲು. ಚಹಾದಂಗಡಿಯಲ್ಲಿ ಸುಮ್ನೆ ಕೂತರೆ ಸಾಕು, ಎರಡನೇ ಬೆಳೆಗೆ ನೀರು ಬಿಡ್ತಾರಾ ಅನ್ನೋದೇ ಮಾತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ನೀರು ಹರಿದುಹೋದಾಗ ಈ ಊರುಗಳಿಗೆ ಎಷ್ಟು ಸಂಕಟ ಆಗಿರಬೇಕು ಅಂತ ಆಗ ತಿಳಿಯುತ್ತೆ.

ಆಮೇಲೆ ಯಲಬುರ್ಗಾ, ಕುಕನೂರಿನ ಎರಿ ಹೊಲಗಳಿಗೆ, ಅಂದರೆ ಮಳೆ ನಂಬಿದ ಕಪ್ಪು ಮಣ್ಣಿನ ಹೊಲಗಳಿಗೆ ಬನ್ನಿ. ನನಗೆ ಹೆಚ್ಚು ಪ್ರೀತಿ ಈ ಕಡೆಯದೇ. ಹಿಂಗಾರಿ ಬಿಳಿಜೋಳ, ಕಡಲೆ ನಿಂತಿರುತ್ತವೆ. ಅಮಾವಾಸ್ಯೆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡ್ತಾರೆ. ನೈವೇದ್ಯದ ಅಡುಗೆಯನ್ನೇ ಕಲಸಿ, ಹೊಲದ ಸುತ್ತ ಎರಚುತ್ತಾ ಹೋಗೋದಕ್ಕೆ ಚರಗ ಚೆಲ್ಲೋದು ಅಂತಾರೆ. ಭೂಮಿತಾಯಿಗೆ ಉಣಿಸಿದ ಮೇಲೇ ಮನುಷ್ಯರ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ). ಪರಿಚಯದವರಿದ್ದರೆ ಮೊದಲೇ ಹೇಳಿಡಿ. ಇಲ್ಲದಿದ್ದರೂ ಹೊಲದ ಬದುವಿಗೆ ನಿಂತು "ಯಣ್ಣಾ, ಬರಬಹುದೇನ್ರಿ?" ಅಂತ ಕೇಳಿ ಒಳಗೆ ಹೋಗಿ, ಬೆಳೆ ತುಳಿಯಬೇಡಿ. ಉಣಿಸದೆ ಬಿಡೋ ಜನ ಅಲ್ಲ ಇವರು. ಅಲ್ಲೇ ಹತ್ತಿರ ಇಟಗಿಯ ಮಹಾದೇವ ದೇವಾಲಯ ಇದೆ, 1112ರದ್ದು.

ಅಮಾವಾಸ್ಯೆ ಆಗಿ ಎರಡು ವಾರ ಕಳೆದ ಮೇಲೆ ಕೊಪ್ಪಳದ ಗವಿಮಠದ ಜಾತ್ರೆ. ಹಳ್ಳಿ ಹಳ್ಳಿಯ ಹೆಣ್ಮಕ್ಕಳು ತಟ್ಟಿದ ಜೋಳದ ರೊಟ್ಟಿ ಟ್ರ್ಯಾಕ್ಟರ್ ತುಂಬಿ ಮಠದ ದಾಸೋಹಕ್ಕೆ ಬರುತ್ತೆ, ಜೊತೆಗೆ ಕಾಳುಕಡಿ, ಕಾಯಿಪಲ್ಯ. ಕಾಲುವೆ ಸೀಮೆಯವರೂ ಎರಿ ಸೀಮೆಯವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋದನ್ನು ಇಲ್ಲೇ ನೋಡಬೇಕು. ತೇರಿನ ದಿನ ಕಾಲಿಡೋಕೂ ಜಾಗ ಇರಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ತೇರು ಮುಗಿದು ಎರಡು ಮೂರು ದಿನ ಬಿಟ್ಟು ಬನ್ನಿ, ಆಗಲೂ ದಾಸೋಹ ನಡೀತಾ ಇರುತ್ತೆ.