ಅಪ್ಪನ ರಜೆ ಯಾವಾಗ ಹಾಕ್ಬೇಕು? ಬಾಣಂತನ ಮುಗಿದ್ಮೇಲೆ ಕಣ್ರೀ

ನಮ್ಮ ಕಡೆ ಮೊದಲ ಹೆರಿಗೆ ಅಂದ್ರೆ ತವರುಮನೇಲೇ. ಅಲ್ಲಿ ಅಜ್ಜಿ, ಚಿಕ್ಕಮ್ಮ, ನೀರು ಹಾಕೋಕೆ ಬರೋ ಆಂಟಿ ಎಲ್ಲಾ ಸೇರಿ ಬಾಣಂತನ ಮಾಡ್ತಾರೆ, ಅಪ್ಪ ಅನಿಸ್ಕೊಂಡೋನು ಹಾಲಲ್ಲಿ ಕೂತು ಮೂರನೇ ಲೋಟ ಕಾಫಿ ಕುಡೀತಿರ್ತಾನೆ. ನಾನೂ ಹಂಗೇ ಮಾಡ್ದೆ. ಕಂಪ್ನಿ ಕೊಟ್ಟಿದ್ದ 10 ದಿನದ ರಜೇನ ಪೂರ್ತಿ ಮಾವನ ಮನೇಲಿ ಕಳೆದೆ, ಮಗು ಎತ್ಕೊಳೋಕೆ ಹೋದ್ರೆ "ಬಿಡಪ್ಪಾ, ಇನ್ನೂ ಕತ್ತು ನಿಂತಿಲ್ಲ" ಅಂತ ಕೈಯಿಂದ ಇಸ್ಕೊಳೋರು. ಮುಂದೆ ಹೆಂಡ್ತಿ ಆಫೀಸಿಗೆ ಹೊರಟ ದಿನ ಮಗು ಕಿರುಚ್ತಾ ಇದೆ, ನನ್ನ ಹತ್ರ ಒಂದು ದಿನದ ರಜೆನೂ ಉಳಿದಿಲ್ಲ. ನೀವು ಹೀಗೆ ಸಿಕ್ಕಾಕ್ಕೋಬೇಡಿ.

ಮೊದ್ಲು ಕ್ಯಾಲೆಂಡರ್ ಹಿಡ್ಕೊಂಡು ಹೆಂಡ್ತಿ ರಜೆ ಲೆಕ್ಕ ಹಾಕಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದಿದ್ದು 26 ವಾರ ಆಯ್ತು, ಈಗ ಅದು ಸೋಷಿಯಲ್ ಸೆಕ್ಯುರಿಟಿ ಕೋಡ್ ಅನ್ನೋ ಹೊಸ ಕಾಯ್ದೆ ಒಳಗೆ ಸೇರಿದೆ, ಲೆಕ್ಕ ಮಾತ್ರ ಅದೇ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರ್ಬೇಕು. ಎಲ್ರೂ ಎಡವೋದು ಎಲ್ಲಿ ಅಂದ್ರೆ, ಈ 26ರಲ್ಲಿ 8 ವಾರದವರೆಗೂ ಹೆರಿಗೆಗೆ ಮುಂಚೆನೇ ತಗೋಬಹುದು, ಹಾಗೆ ತಗೊಂಡ್ರೆ ಆಮೇಲೆ ಉಳಿಯೋದು 18 ವಾರ, ಅಂದ್ರೆ ಬರೀ ನಾಲ್ಕು ತಿಂಗಳು. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅಂತಾರೆ ಡಾಕ್ಟ್ರು, ಆಗ ಆ ಎರಡು ತಿಂಗಳು ಏನ್ಮಾಡ್ತೀರಿ? ಹಿಂಡಿಟ್ಟ ಹಾಲು ಫ್ರಿಡ್ಜಲ್ಲಿ ನಾಲ್ಕು ದಿನ, ಹೊರಗಡೆ ನಾಲ್ಕು ಗಂಟೆ ಮಾತ್ರ ಇರುತ್ತೆ, ಬೇಸಿಗೇಲಿ ಅದನ್ನೂ ನಂಬಬೇಡಿ. ತಿಂಗಳ ಸಂಬಳ 21,000ದ ಒಳಗಿದ್ದು, ನೌಕರರ ಸರ್ಕಾರಿ ವಿಮೆ ಆದ ಇಎಸ್‌ಐ ಕಟ್ತಿದ್ರೆ ದುಡ್ಡು ಕಂಪ್ನಿಯಿಂದಲ್ಲ, ಇಎಸ್‌ಐಯಿಂದ ಬರೋದು, ಆ ಪೇಪರ್ಸ್ ಬೇರೆ.

ಇನ್ನು ನಿಮ್ಮ ರಜೆ. ಕೇಂದ್ರ ಸರ್ಕಾರಿ ನೌಕರರಾದ್ರೆ 15 ದಿನ, ಬದುಕಿರೋ ಮಕ್ಕಳು ಎರಡಕ್ಕಿಂತ ಕಮ್ಮಿ ಇರ್ಬೇಕು, ಹೆರಿಗೆ ಆಗಿ ಆರು ತಿಂಗಳೊಳಗೆ ಹಾಕ್ಲಿಲ್ಲ ಅಂದ್ರೆ ಹೋಯ್ತು. ಪ್ರೈವೇಟ್‌ನೋರಿಗೆ ಕಾಯ್ದೆನೇ ಇಲ್ಲ, ಕಂಪ್ನಿ ಪಾಲಿಸಿ ಏನನ್ನುತ್ತೋ ಅಷ್ಟೇ. ಹೆಂಡ್ತಿಗೆ ಏಳನೇ ತಿಂಗಳು ನಡೀತಿರುವಾಗ್ಲೇ ಎಚ್‌ಆರ್‌ಗೆ ಮೇಲ್ ಹಾಕಿ ಮೂರು ವಿಷ್ಯ ಕೇಳಿ: ಎರಡು ಕಂತಲ್ಲಿ ತಗೋಬಹುದಾ, ಯಾವತ್ತಿನವರೆಗೆ ವ್ಯಾಲಿಡ್ಡು, ಇಎಲ್ (ಗಳಿಕೆ ರಜೆ) ಜೊತೆ ಸೇರಿಸ್ಬಹುದಾ. ಬಾಯಲ್ಲಿ ಕೇಳ್ಬೇಡಿ, ಮೇಲಲ್ಲೇ ಉತ್ತರ ಇರ್ಲಿ. "ಗಂಡಸಿಗೆ ಎಂಥ ಬಾಣಂತನ" ಅಂತ ಟೀಮಲ್ಲಿ ಯಾರಾದ್ರೂ ನಕ್ಕೇ ನಗ್ತಾರೆ. ಅಡಿಲೇಡ್ ಟೆಸ್ಟಲ್ಲಿ ಇಂಡಿಯಾ 36ಕ್ಕೆ ಆಲೌಟ್ ಆದ್ಮೇಲೂ ಕೊಹ್ಲಿ ಮೊದಲ ಮಗುಗೋಸ್ಕರ ಸೀರೀಸ್ ಬಿಟ್ಟು ಮನೆಗೆ ಬಂದ್ರು, ಉಳಿದೋರು ಸೀರೀಸ್ ಗೆದ್ದೇ ಬಂದ್ರು, ನಿಮ್ಮ ಆಫೀಸ್ ಪ್ರಾಜೆಕ್ಟಿನ ಸ್ಪ್ರಿಂಟ್ ರಿಲೀಸ್ ಅದಕ್ಕಿಂತ ದೊಡ್ಡದಾ?

ಕಂತು ಹೀಗೆ ಮಾಡಿ: ಆಸ್ಪತ್ರೆ ದಿನಗಳಿಗೆ ಮೂರ್ನಾಲ್ಕು, ಉಳಿದದ್ದೆಲ್ಲಾ ಹೆಂಡ್ತಿ ಡ್ಯೂಟಿಗೆ ಸೇರೋ ವಾರಕ್ಕೆ. ತವರಿನ ಸಪೋರ್ಟ್ ಇಲ್ಲದೆ ಇಬ್ರೇ ಇರೋ ಮನೆ, ಅದ್ರಲ್ಲೂ ಸಿಸೇರಿಯನ್ ಅಂದ್ರೆ ಈ ಲೆಕ್ಕ ಮರೆತು ಮೊದಲೇ ಹಾಕ್ಬಿಡಿ.

ರಜೆಗಿಂತ ಕಷ್ಟ ಇರೋದು ಮನೆ ಕೆಲಸ ಹಂಚ್ಕೊಳೋದ್ರಲ್ಲಿ. "ಏನ್ ಹೆಲ್ಪ್ ಮಾಡ್ಲಿ ಹೇಳು" ಅಂತ ಕೇಳೋದೇ ಹೆಂಡ್ತಿಗೆ ಇನ್ನೊಂದು ಕೆಲಸ, ಯಾಕಂದ್ರೆ ನೆನಪಿಟ್ಕೊಂಡು ಹೇಳ್ಬೇಕಾದೋಳು ಅವಳೇ ಅಲ್ವಾ. ಅದ್ರ ಬದ್ಲು ಒಂದು ಖಾತೆನ ಪೂರ್ತಿ ನೀವೇ ವಹಿಸ್ಕೊಳ್ಳಿ. ನಾನು ತಗೊಂಡಿದ್ದು ಲಸಿಕೆ ಖಾತೆ. ತಾಯಿ ಕಾರ್ಡ್ ನನ್ನ ಬ್ಯಾಗಲ್ಲೇ ಇರುತ್ತೆ; ಆರು, ಹತ್ತು, ಹದಿನಾಲ್ಕನೇ ವಾರ, ಆಮೇಲೆ ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾದ್ದು, ಅಪಾಯಿಂಟ್‌ಮೆಂಟು, ಆ ರಾತ್ರಿ ಜ್ವರ, ಜ್ವರದ ಹನಿ, ನಿದ್ದೆಗೆಡೋದು ಎಲ್ಲಾ ನಂದೇ. ಮೊದಲ ಸಲ ಕಾರ್ಡ್ ಮನೇಲೇ ಬಿಟ್ಟು ಹೋಗಿ ವಾಪಸ್ ಬಂದೆ, ಹೆಂಡ್ತಿ ಏನೂ ಅನ್ಲಿಲ್ಲ, ನೋಡಿದ್ಲು ಅಷ್ಟೇ.

ಕೊನೇದು ಡೇಕೇರ್. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರ್ಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಬಹುದು, ಹೆಂಡ್ತಿ ಆಫೀಸಲ್ಲಿ ಇದ್ಯಾ ಅಂತ ಮೊದ್ಲೇ ವಿಚಾರಿಸಿ. ಹೊರಗಿನದಾದ್ರೆ ಒಂದು ವಾರ ರಿಹರ್ಸಲ್ ಮಾಡಿ, ಮೊದಲ ದಿನ ಒಂದು ಗಂಟೆ, ಆಮೇಲೆ ಅರ್ಧ ದಿನ, ರಾಗಿ ಸರಿ ಡಬ್ಬಿ, ಎರಡು ಜೊತೆ ಬಟ್ಟೆ. ಡ್ಯೂಟಿಗೆ ಸೇರೋ ದಿನ ಗುರುವಾರ ಇಟ್ಕೊಂಡ್ರೆ ಮೊದಲ ವಾರ ಎರಡೇ ದಿನಕ್ಕೆ ಮುಗಿಯುತ್ತೆ. ಅಡ್ಮಿಷನ್ ಫಾರ್ಮಲ್ಲಿ ಮೊದಲನೇ ಫೋನ್ ನಂಬರ್ ಅಪ್ಪಂದೇ ಬರೀರಿ. ನಮ್ಮ ಡೇಕೇರ್‌ನೋರು ಆದ್ರೂ ಮೊದ್ಲು ಅಮ್ಮಂಗೇ ಫೋನ್ ಮಾಡೋರು, ಮೂರು ಸಲ ಹೇಳಿದ್ಮೇಲೆ ಈಗ ನಂಗೆ ಮಾಡ್ತಾರೆ.