ಕೊನೆಯ ಬೇಸಿಗೆ ರಜೆ: ಕಲಬುರಗಿಯಿಂದ ಬೀದರಿಗೆ ಕಾಲ್ನಡಿಗೆ

ನನ್ನ ಸೇವಾ ಪುಸ್ತಕದಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದೆ. ನನ್ನ ವಯಸ್ಸಿನ ಎಷ್ಟೋ ಜನರಿಗೆ ಇದೇ ತಾರೀಖು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ತಮ್ಮ ಅಂದಾಜಿನಲ್ಲಿ ಬರೆದುಕೊಂಡದ್ದು. ತಿಂಗಳ ಒಂದನೆಯ ತಾರೀಖಿನಂದು ಹುಟ್ಟಿದ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕಾದ್ದರಿಂದ ಮೇ 31ಕ್ಕೆ ನನ್ನ ಸೇವೆ ಮುಗಿಯುವುದಿತ್ತು, ಮತ್ತು ಏಪ್ರಿಲ್‌ನಲ್ಲಿ ಆರಂಭವಾದ ಬೇಸಿಗೆ ರಜೆ ಶಿಕ್ಷಕಿಯಾಗಿ ನನ್ನ ಪಾಲಿನ ಕೊನೆಯ ರಜೆಯಾಗಿತ್ತು. ಜೂನ್ ಮೊದಲ ವಾರದಲ್ಲಿ ಬೆಂಗಳೂರಿಗೆ, ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅದೇ ವಾರ ನನ್ನ ತಮ್ಮನ ಮಗ ಪುಣೆಯಲ್ಲಿ ತನ್ನ ಮೊದಲ ನೌಕರಿಗೆ ಸೇರುವವನಿದ್ದ. ಇಬ್ಬರೂ ಊರು ಬಿಡುವವರು. ಅವನೇ ಒಂದು ಸಂಜೆ, "ಅತ್ತೀ, ಹೋಗೋದ್ರೊಳಗ ಒಮ್ಮಿ ಬೀದರ ತನಕ ನಡಕೋತ ಹೋಗೋಣೇನು?" ಎಂದು ಕೇಳಿದ.

ಬೇರೆ ಯಾವ ಊರಿನ ಹೆಸರು ಹೇಳಿದ್ದರೂ ನಾನು ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಕಲಬುರಗಿ ಮತ್ತು ಬೀದರಿನ ನಡುವೆ ನಾನು ಮೂವತ್ತು ವರ್ಷ ಪಾಠ ಮಾಡಿದ, ಒಮ್ಮೆಯೂ ನೋಡದ ಒಂದು ಗೆರೆಯಿದೆ. ಕಲಬುರಗಿ ಸೀಮೆಯ ಮಳೆನೀರು ಬೆಣ್ಣೆತೊರೆ, ಮುಲ್ಲಾಮಾರಿ, ಕಾಗಿಣಾ ನದಿಗಳ ಮೂಲಕ ಭೀಮೆಗೆ, ಅಲ್ಲಿಂದ ಕೃಷ್ಣೆಗೆ ಸೇರುತ್ತದೆ. ಬೀದರಿನ ಬಹುಪಾಲು ನೀರು ಕಾರಂಜಾ ಮತ್ತು ಮಾಂಜ್ರಾ ನದಿಗಳ ಮೂಲಕ ಗೋದಾವರಿಗೆ ಹೋಗುತ್ತದೆ. ಇವೆರಡನ್ನೂ ಬೇರ್ಪಡಿಸುವ ಎತ್ತರದ ನೆಲಕ್ಕೆ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಜಲವಿಭಜಕ ಎಂಬ ಹೆಸರು. ನಕಾಶೆಯ ಮೇಲೆ ಅದನ್ನು ನಾನು ಬೆರಳಿನಿಂದ ತೋರಿಸುತ್ತಿದ್ದೆ. ಬಸ್ಸಿನಲ್ಲಿ ನೂರಾರು ಸಲ, 2017ರಲ್ಲಿ ರೈಲು ಮಾರ್ಗ ಆರಂಭವಾದ ಮೇಲೆ ರೈಲಿನಲ್ಲಿಯೂ ಅದನ್ನು ದಾಟಿದ್ದೇನೆ. ಎಲ್ಲಿ ದಾಟಿದೆ ಎಂಬುದು ಒಮ್ಮೆಯೂ ತಿಳಿದಿರಲಿಲ್ಲ.

ಮನೆಯವರೆಲ್ಲ ಬೇಡವೆಂದರು. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಕೂಡ ಯುಗಾದಿಯ ಹೊತ್ತಿಗೆ ಮಲ್ಲಯ್ಯನನ್ನು ಮುಟ್ಟುತ್ತಾರೆ, ಏಪ್ರಿಲ್ ಕೊನೆಯಲ್ಲಿ ಯಾರಾದರೂ ನಡೆಯುತ್ತಾರೆಯೇ ಎಂಬುದು ಅವರ ವಾದ. ವಾದ ನ್ಯಾಯವಾಗಿಯೇ ಇತ್ತು. ನಮ್ಮ ಕಡೆ ಆ ದಿನಗಳಲ್ಲಿ ಉಷ್ಣಾಂಶ 42 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಆದರೆ ನಮಗೆ ಬೇರೆ ತಿಂಗಳು ಉಳಿದಿರಲಿಲ್ಲ. ಆದ್ದರಿಂದ ದೂರವನ್ನು ಲೆಕ್ಕ ಹಾಕುವುದನ್ನು ಬಿಟ್ಟು ಹೊತ್ತನ್ನು ಲೆಕ್ಕ ಹಾಕಿದೆವು. ಬೆಳಗಿನ ಜಾವ 4.30ಕ್ಕೆ ಹೆಜ್ಜೆ ಹಾಕಬೇಕು, 9 ಗಂಟೆಗೆ ಎಲ್ಲಿರುತ್ತೇವೆಯೋ ಅಲ್ಲಿಯೇ ನೆರಳು ಹಿಡಿಯಬೇಕು, ಸಂಜೆ 5.30ರ ನಂತರ ಮನಸ್ಸಿದ್ದರೆ ಇನ್ನೊಂದು ತಾಸು. ಹೀಗೆ ದಿನಕ್ಕೆ 15 ಕಿಲೋಮೀಟರಿನಂತೆ ಎಂಟು ದಿನ. ಹೆದ್ದಾರಿಯಲ್ಲಿ ಹೋದರೆ ಸುಮಾರು 115 ಕಿಲೋಮೀಟರ್ ಆಗುವ ದಾರಿ, ಬಂಡಿದಾರಿಗಳನ್ನು ಹಿಡಿದದ್ದರಿಂದ ನಮಗೆ ಇನ್ನಷ್ಟು ಉದ್ದವಾಯಿತು.

ತಯಾರಿಯನ್ನು ಫೆಬ್ರವರಿಯಲ್ಲೇ ಆರಂಭಿಸಿದ್ದೆ. ಮೊದಲು ಅಪ್ಪನ ಕೆರೆಯ ಸುತ್ತ ದಿನವೂ ಒಂದು ತಾಸು, ಮಾರ್ಚಿನಲ್ಲಿ ಎರಡು ತಾಸು, ಕೊನೆಯ ಎರಡು ವಾರ ಬೆನ್ನಿಗೆ ಚೀಲ ಹಾಕಿಕೊಂಡು. ಚೀಲದ ತೂಕ ನೀರು ಬಿಟ್ಟು 5 ಕಿಲೋ ಮೀರಬಾರದೆಂದು ನಿಶ್ಚಯಿಸಿದ್ದೆ: ಎರಡು ಜೊತೆ ಹತ್ತಿಯ ಚೂಡಿದಾರ, ಒಂದು ಚಾದರ, ಔಷಧಿ, ಟಾರ್ಚು. ಬೂಟನ್ನು ನನ್ನ ಅಳತೆಗಿಂತ ಒಂದು ನಂಬರ್ ದೊಡ್ಡದು ಕೊಂಡೆ, ಏಕೆಂದರೆ ಕಾದ ನೆಲದಲ್ಲಿ ನಡೆದಾಗ ಪಾದ ಊದಿಕೊಳ್ಳುತ್ತದೆ ಮತ್ತು ಬಿಗಿಯಾದ ಬೂಟು ಎರಡನೆಯ ದಿನಕ್ಕೇ ಬೊಬ್ಬೆ ಎಬ್ಬಿಸುತ್ತದೆ. ಅಂಗಾಲು ಮೆತ್ತಗಿರುವ ಬೂಟು ಮಾತ್ರ ಬೇಡ. ತೊಗರಿ ಕೊಯ್ದ ಹೊಲದಲ್ಲಿ ಉಳಿದ ಕೂಳೆ ಮೊಳೆಯಂತೆ ಗಟ್ಟಿಯಾಗಿ, ಓರೆಯಾಗಿ ನಿಂತಿರುತ್ತದೆ, ಮೆತ್ತನೆಯ ಅಟ್ಟೆಯನ್ನು ತೂರಿಕೊಂಡು ಬರುತ್ತದೆ. ತಮ್ಮನ ಮಗನಿಗೆ ಮಹಾಗಾಂವದ ಹತ್ತಿರ ಹಾಗೆಯೇ ಆಯಿತು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಛತ್ರಿ. ಕಪ್ಪು ಛತ್ರಿಯ ಮೇಲೆ ಹಳೆಯ ಬಿಳಿ ಧೋತರದ ತುಂಡನ್ನು ಹೊಲಿದಿದ್ದೆ. ಅದರ ಕೆಳಗೆ ಒದ್ದೆ ಟವೆಲು ತಲೆಗೆ ಸುತ್ತಿಕೊಂಡರೆ ಬಿಸಿಲೇರಿದ ಮೇಲೂ ಒಂದು ಮೈಲಿ ದೂಡಬಹುದು.

ಊಟದ ಚಿಂತೆ ನಮ್ಮ ಸೀಮೆಯಲ್ಲಿ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಎಂಟು ದಿನವೂ ಕೆಡಲಿಲ್ಲ. ಮೊಸರು, ಮಜ್ಜಿಗೆಯನ್ನು ಯಾವ ತಾಂಡಾದಲ್ಲಿ ಕೇಳಿದರೂ ಕೊಟ್ಟರು, ಹಣ ಮಾತ್ರ ತೆಗೆದುಕೊಳ್ಳಲಿಲ್ಲ. ನೀರಿನ ವಿಷಯ ಬೇರೆ. ತಲಾ ಮೂರು ಲೀಟರ್ ಹೊತ್ತಿದ್ದೆವು, ಅದು ಒಂದು ಬೆಳಗಿಗೆ ಸಾಲುತ್ತಿತ್ತು. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು ಒಮ್ಮೆಲೇ ಬರುತ್ತದೆ. ಆದ್ದರಿಂದ ಕೊಡ ತಂದವರು ಯಾರಾದರೂ ಬರುವ ತನಕ ಕಾಯ್ದು, ನಮ್ಮ ಬಾಟಲಿ ತುಂಬಿಕೊಂಡು, ಉಳಿದದ್ದನ್ನು ಅವರಿಗೆ ಬಿಡುತ್ತಿದ್ದೆವು. ಚಿಲ್ಲರೆ ನಾಣ್ಯಗಳ ಒಂದು ಸಣ್ಣ ಚೀಲ ಜೊತೆಗಿರಲಿ, ಮತ್ತು ಕರೆಂಟ್ ಇಲ್ಲದಾಗ ಘಟಕ ನಡೆಯುವುದಿಲ್ಲ ಎಂಬುದು ನೆನಪಿರಲಿ. ದಾರಿಯಲ್ಲಿ ಬೇವಿನ ಮರದ ಕೆಳಗೆ, ಹಸಿ ಬಟ್ಟೆ ಸುತ್ತಿದ ಮಣ್ಣಿನ ಹರವಿಗಳನ್ನಿಟ್ಟ ಅರವಟಿಗೆಗಳು ಮೂರು ಕಡೆ ಸಿಕ್ಕವು. ಹೆಸರು ಬರೆಯಿಸದೆ ಅವುಗಳನ್ನು ಇಟ್ಟವರನ್ನು ನಾನು ಇಂದಿಗೂ ನೆನೆಯುತ್ತೇನೆ.

ರಾತ್ರಿ ತಂಗಿದ್ದು ಬಹುತೇಕ ಶಾಲೆಗಳ ಪಡಸಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ತರಬೇತಿ ಎಂದು ವರ್ಷಗಟ್ಟಲೆ ಜೊತೆಗೆ ಕುಳಿತ ಶಿಕ್ಷಕಿಯರು ಪ್ರತಿ ಹೋಬಳಿಯಲ್ಲಿಯೂ ಇದ್ದಾರೆ. ಅವರಿಗೆ ಮುಂಚೆಯೇ ಫೋನ್ ಮಾಡಿದ್ದರಿಂದ ಬಿಸಿಯೂಟದ ಅಡುಗೆಯವರು ಕೀಲಿ ಹಿಡಿದು ಕಾಯ್ದಿರುತ್ತಿದ್ದರು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಒಂದು ಇಡೀ ಹಗಲು ಕಳೆದೆವು. ನಸುಕಿನ ದಾರಿಯಲ್ಲಿ ಬಿಸಿಲಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ನಾಯಿಗಳ ಬಗ್ಗೆ. ಕೈಯಲ್ಲೊಂದು ಕೋಲು ಇರಬೇಕು, ಓಡಬಾರದು, ಮನೆಯವರನ್ನು ಕೂಗಿ ಕರೆಯಬೇಕು.

ನಾಲ್ಕನೆಯ ದಿನ ನಾನೇ ನಮ್ಮ ನಿಯಮ ಮುರಿದೆ. ಹಿಂದಿನ ದಿನ ಕಮಲಾಪುರದಲ್ಲಿ ಅಲ್ಲಿನ ಹೆಸರಾದ ಕೆಂಪು ಬಾಳೆಹಣ್ಣು ಕೊಂಡು, ಊರಾಚೆ ಪರಿಚಯದವರ ಮನೆಯಲ್ಲಿ ಉಳಿದಿದ್ದೆವು. ಸುಸಲಾ ತಿಂದೇ ಹೋಗಬೇಕೆಂದು ಆ ತಾಯಿ ಹಟ ಹಿಡಿದಾಗ ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಹೊರಟಾಗ ಏಳು ದಾಟಿತ್ತು. ಕಮಲಾಪುರದ ಮುಂದೆ ನೆಲ ಏರುತ್ತದೆ. ಕಲಬುರಗಿಗಿಂತ ಬೀದರು ಸುಮಾರು 250 ಮೀಟರ್ ಎತ್ತರದಲ್ಲಿದೆ. ಆ ಏರಿನಲ್ಲಿ ಹತ್ತೂವರೆಗೆ ಮೀನಖಂಡ ಹಿಡಿದುಕೊಂಡಿತು, ತಲೆ ಸಿಡಿಯತೊಡಗಿತು. ನಂತರ ಅಷ್ಟು ಸುಡುವ ಬಿಸಿಲಿನಲ್ಲಿ ಮುಂಗೈಯ ಮೇಲೆ ಚಳಿಗೆ ಬರುವಂತೆ ಮುಳ್ಳು ಎದ್ದದ್ದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು. ತಮ್ಮನ ಮಗ ಹುಣಸೆಮರದ ಕೆಳಗೆ ನನ್ನನ್ನು ಮಲಗಿಸಿ, ಕಾಲನ್ನು ಚೀಲದ ಮೇಲೆ ಎತ್ತಿಟ್ಟು, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ, ಗುಟುಕು ಗುಟುಕಾಗಿ ಕುಡಿಸಿದ. ಒಮ್ಮೆಲೇ ಗಟಗಟನೆ ಕುಡಿದರೆ ವಾಂತಿಯಾಗುತ್ತದೆ. ಮುಕ್ಕಾಲು ತಾಸಿನಲ್ಲಿ ಚೇತರಿಸಿಕೊಂಡೆನಾದರೂ ಆ ದಿನ ಮುಂದೆ ನಡೆಯಲಿಲ್ಲ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಮರದ ನೆರಳು ಸಾಲದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಲು ಫೋನಿನಲ್ಲಿ ಚಾರ್ಜ್ ಇರುವಂತೆ ನೋಡಿಕೊಳ್ಳಬೇಕು. ಆ ತಾಯಿಯ ಪ್ರೀತಿಯಲ್ಲಿ ತಪ್ಪಿರಲಿಲ್ಲ. ಸುಸಲಾ ಕಟ್ಟಿಸಿಕೊಂಡು ಹೊರಡಬೇಕಿತ್ತು.

ನಾನು ಹುಡುಕುತ್ತಿದ್ದ ಗೆರೆ ಹುಮನಾಬಾದ್ ದಾಟಿ ಹಳ್ಳಿಖೇಡದ ಕಡೆಗೆ ಹೋಗುವಾಗ ಸಿಕ್ಕಿತು. ಗುಡ್ಡ ಇರಬಹುದೆಂದು ನನ್ನ ಮನಸ್ಸು ಕಲ್ಪಿಸಿಕೊಂಡಿತ್ತು. ಅಲ್ಲಿದ್ದದ್ದು ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ಬಯಲು. ಒಬ್ಬ ಹಿರಿಯ ರೈತರು ಮಿರಗ, ಅಂದರೆ ಮೃಗಶಿರಾ ಮಳೆ, ಬರುವುದರೊಳಗೆ ಹೊಲಕ್ಕೆ ತಿಪ್ಪೆಗೊಬ್ಬರ ಹಾಕುತ್ತಿದ್ದರು. ಇಲ್ಲಿನ ಹಳ್ಳದ ನೀರು ಎತ್ತ ಹೋಗುತ್ತದೆ ಎಂದು ಕೇಳಿದೆ. ಅವರು ಬಾರಕೋಲನ್ನು ಎತ್ತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೋರಿಸಿ, "ಈ ಕಡಿ ಬಿದ್ದ ಮಳಿ ನೀರು ಚಿಂಚೋಳಿ ಕಡಿ ಹೋಗ್ತದ್ರಿ ಅಕ್ಕಾರ, ಆ ಕಡಿ ಬಿದ್ದದ್ದು ಕಾರಂಜಾಕ್ಕ. ನಮ್ಮ ಹೊಲದ ಬದುವೇ ನಡುವ" ಎಂದರು. ನಾನು ಆ ಬದುವಿನ ಮೇಲೆ ಹೋಗಿ ನಿಂತೆ. ಮೊಣಕಾಲಿನಷ್ಟೂ ಎತ್ತರವಿಲ್ಲದ ಮಣ್ಣಿನ ಏರಿ, ಮೇಲೆ ಒಣಗಿದ ಕರಿಕೆ, ಎರಡೂ ಬದಿ ಕೈಬೆರಳು ಇಳಿಯುವಷ್ಟು ಅಗಲವಾಗಿ ಬಿರಿದ ಎರೆಮಣ್ಣು. ಇತ್ತ ಬಿದ್ದ ಹನಿ ಕೃಷ್ಣೆಯಲ್ಲಿ, ಅತ್ತ ಬಿದ್ದ ಹನಿ ಗೋದಾವರಿಯಲ್ಲಿ. ನನ್ನ ಕಣ್ಣು ತುಂಬಿತು ಎಂಬುದನ್ನು ಬರೆಯಲು ನನಗೆ ಸಂಕೋಚವಿಲ್ಲ. ಮೂವತ್ತು ತಂಡದ ಮಕ್ಕಳನ್ನು ಕರೆತಂದು ನಿಲ್ಲಿಸಬಹುದಾಗಿದ್ದ ಜಾಗವದು.

ಬೀದರು ಹತ್ತಿರವಾದಂತೆ ಕಾಲ ಕೆಳಗಿನ ಬಣ್ಣ ಬದಲಾಗುತ್ತದೆ. ಕರಿಮಣ್ಣು ಮುಗಿದು ಕೆಂಪು ಜಂಬಿಟ್ಟಿಗೆ ಆರಂಭವಾಗುತ್ತದೆ. ರಂಧ್ರಗಳಿಂದ ತುಂಬಿದ ಆ ಕಲ್ಲು ಮಳೆನೀರನ್ನು ಕೆಳಗಿಳಿಸುತ್ತದೆ, ಅದರಡಿಯ ಕಪ್ಪು ಬಂಡೆ ನೀರನ್ನು ತಡೆದು ನಿಲ್ಲಿಸುತ್ತದೆ. ಬೀದರಿನ ಝರಿಗಳಿಗೂ, ಬಹಮನಿ ಕಾಲದಲ್ಲಿ ನೌಬಾದಿನ ನೆಲದಡಿ ನೀರು ಹರಿಸಲು ತೋಡಿದ ಕರೇಜ್ ಸುರಂಗಕ್ಕೂ ಇದೇ ಆಧಾರ. ಎಂಟನೆಯ ಬೆಳಿಗ್ಗೆ ಕರೇಜಿನ ಒಂದು ಗಾಳಿಬಾವಿಯ ಬಾಯಿಗೆ ಮುಖವೊಡ್ಡಿ ಕುಳಿತಾಗ ಒಳಗಿನಿಂದ ತಂಪು ಏರಿಬರುತ್ತಿತ್ತು. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಏಕೆ ಸಾಗಿಸಿದರು ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ರಾಜಕೀಯದ ಉತ್ತರಗಳಿವೆ. ಅದೇ ದಾರಿಯನ್ನು ಬೇಸಿಗೆಯಲ್ಲಿ ನಡೆದುಬಂದವರಿಗೆ ನೀರು ಮತ್ತು ತಂಪಿನ ಉತ್ತರವೂ ಹೊಳೆಯುತ್ತದೆ.

ಮೇ ನಡುವೆ ಮಳಖೇಡದಿಂದ ಚಿತ್ತಾಪುರದ ಮೇಲೆ ಸನ್ನತಿಗೆ ನಾಲ್ಕು ದಿನಗಳ ಇನ್ನೊಂದು ನಡಿಗೆಯನ್ನೂ ಮಾಡಿದೆವು. ರಾಷ್ಟ್ರಕೂಟರ ರಾಜಧಾನಿಯಿಂದ ಭೀಮಾ ತೀರದ ಅಶೋಕನ ಶಾಸನದ ತನಕ ನಡೆಯಬೇಕೆಂಬುದು ತಮ್ಮನ ಮಗನ ಆಸೆ. ಅಲ್ಲಿ ಕಲಿತದ್ದು ಒಂದೇ: ಫರಸಿ ಕಲ್ಲಿನ ಮಾಳಿಗೆಯ ಮೇಲೆ ಮಲಗುವುದಾದರೆ ಸಂಜೆಯೇ ಎರಡು ಕೊಡ ನೀರು ಸುರಿಯಬೇಕು, ಇಲ್ಲವಾದರೆ ಆ ಕಲ್ಲು ಮಧ್ಯರಾತ್ರಿಯವರೆಗೂ ಹೆಂಚಿನಂತೆ ಕಾಯುತ್ತಿರುತ್ತದೆ. ಕನಗನಹಳ್ಳಿಯ ಸ್ತೂಪದ ಕೆತ್ತನೆಗಳ ಮುಂದೆ ಅವನು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದ. ಬರುವಾಗ ಬಸ್ಸಿನಲ್ಲಿ, "ಅತ್ತೀ, ಪುಣೆದಾಗ ಇದನ್ನೆಲ್ಲ ಯಾರಿಗಿ ಹೇಳ್ಲಿ?" ಎಂದ. ನನಗೂ ಬೆಂಗಳೂರಿನ ಬಗ್ಗೆ ಅದೇ ಯೋಚನೆಯಿತ್ತು. ಅಂದು ರಾತ್ರಿ ಮಗಳಿಗೆ ಫೋನ್ ಮಾಡಿ, ಮನೆಯನ್ನು ಪೂರ್ತಿ ಬಾಡಿಗೆಗೆ ಕೊಡುವುದು ಬೇಡ, ಹಿಂದಿನ ಕೋಣೆಯ ಕೀಲಿ ನನ್ನ ಹತ್ತಿರವೇ ಇರಲಿ ಎಂದು ಹೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ.

ಮೇ 31ರಂದು ಚಾರ್ಜ್ ಕೊಡುವಾಗ ಪಟ್ಟಿಯ ಕೊನೆಯಲ್ಲಿದ್ದದ್ದು ಹನ್ನೊಂದು ಗೋಡೆ ನಕಾಶೆಗಳು. ನನ್ನ ಜಾಗಕ್ಕೆ ಬಂದ ಶಿಕ್ಷಕಿಯ ಮುಂದೆ ಕರ್ನಾಟಕದ ನದಿಗಳ ನಕಾಶೆಯನ್ನು ಬಿಚ್ಚಿ, ಹುಮನಾಬಾದಿನ ಮೇಲ್ಗಡೆ ಸೀಸಕಡ್ಡಿಯಿಂದ ಒಂದು ಗುರುತು ಹಾಕಿಕೊಟ್ಟೆ. ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿದು ಎಷ್ಟು ನಡೆಯಬೇಕು ಎಂಬುದನ್ನೂ ಬರೆದುಕೊಟ್ಟೆ. ಬೇಸಿಗೆಯಲ್ಲಿ ಮಕ್ಕಳನ್ನು ಕರೆದೊಯ್ಯಬೇಡಿ, ನೆಲ ತೋಯ್ದು ಹಳ್ಳ ಹರಿಯುವಾಗ ಹೋಗಿ, ಆಗ ನೀರು ಎರಡು ಕಡೆಗೆ ಹೋಗುವುದು ಕಣ್ಣಿಗೇ ಕಾಣುತ್ತದೆ ಎಂದೆ. ನಾನೂ ಅದನ್ನು ಇನ್ನೂ ನೋಡಿಲ್ಲ. ಜುಲೈಯಲ್ಲಿ ಮೊದಲ ದೊಡ್ಡ ಮಳೆ ಬಿದ್ದ ದಿನ ಅವರು ಫೋನ್ ಮಾಡುತ್ತಾರೆ, ನಾನು ಆ ರಾತ್ರಿಯ ರೈಲಿಗೆ ಹೊರಡುತ್ತೇನೆ.